ಭಸ್ಮಕ ನಮ್ಮ ಮನೆಗೆ ಬಂದ ದಾರಿ

ಕಲ್ಯಾಣದ ಹತ್ತಿರದ ಠಾಕುರ್ಲಿಯ ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಅಜ್ಜಿಯ ಮಂಚ, ಅಪ್ಪನ ಕುರ್ಚಿ, ಟಿವಿ, ನಾನೂ ತಮ್ಮನೂ ಮಲಗುವ ಚಾಪೆ. ಅಡುಗೆಮನೆಯಲ್ಲಿ ಅಮ್ಮ. ಇಷ್ಟು ಕೇಳಿದವರಿಗೆ ಅಮ್ಮನ ಪಾಲಿಗೆ ಒಂದು ಇಡೀ ಕೋಣೆ ಬಂದಿತ್ತಲ್ಲ ಅನ್ನಿಸಬಹುದು. ಬಂದಿರಲಿಲ್ಲ. ಒಲೆಯ ಎದುರಿನ ಗೋಡೆಗೆ ಬಡಿದ ಹಲಗೆಯ ಮೇಲೆ ಊರಿನಿಂದ ತಂದ ದೈವದ ಸಣ್ಣ ಬೆಳ್ಳಿಯ ಕತ್ತಿ, ಒಂದು ತಾಮ್ರದ ತಂಬಿಗೆ ಇದ್ದವು. ಆ ಹಲಗೆಯ ನೆಪದಲ್ಲಿ ಅಡುಗೆಮನೆಯೂ ಅಜ್ಜಿಯದೇ ಆಗಿತ್ತು. ಅಮ್ಮ ಸಾರು ಕುದಿಸುವ ಹೊತ್ತಿಗೆ ಸರಿಯಾಗಿ ಅಜ್ಜಿ ದೈವಕ್ಕೆ ದೀಪ ಇಡಲು ಬರುತ್ತಿದ್ದಳು. ಬಂದವಳು ಸೌಟು ಎತ್ತಿ ಮೂಸಿ, ಒಂದಿಷ್ಟು ಉಪ್ಪು ಸುರಿದು ಹೋಗುತ್ತಿದ್ದಳು. ಆಮೇಲೆ ಊಟಕ್ಕೆ ಕುಳಿತಾಗ ಸಾರು ಉಪ್ಪಾಗಿದೆ ಎಂದು ಅಪ್ಪನ ಮುಖ ನೋಡುತ್ತಿದ್ದಳು.

ನನಗೆ ಅಜ್ಜಿಯನ್ನು ಕಂಡರೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುವವರು ಅವಳ ಕೈಯಲ್ಲಿ ಊಟ ಬಡಿಸಿಕೊಂಡವರಲ್ಲ. ಬಂಗುಡೆ ತಂದ ದಿನ ಬಡಿಸುವ ಕೆಲಸವನ್ನು ಅವಳೇ ವಹಿಸಿಕೊಳ್ಳುತ್ತಿದ್ದಳು. ನಡುವಿನ ತುಂಡು ಅಪ್ಪನಿಗೆ ಮತ್ತು ತಮ್ಮನಿಗೆ, ಬಾಲದ ಕಡೆಯದು ನನಗೆ, ತಲೆ ಅಮ್ಮನಿಗೆ, ಅದೂ ಎಲ್ಲರ ಊಟ ಮುಗಿದು ಪಾತ್ರೆ ತಣ್ಣಗಾದ ಮೇಲೆ. ಅಮ್ಮನನ್ನು ಅವಳು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಕಲ್ಯಾಣದವಳು ಅನ್ನುತ್ತಿದ್ದಳು. ಅಮ್ಮನ ತಂದೆತಾಯಿಯೂ ನಮ್ಮ ಉಡುಪಿಯ ಕಡೆಯವರೇ, ಆದರೆ ಅಮ್ಮ ಹುಟ್ಟಿದ್ದು, ಮರಾಠಿ ಶಾಲೆಯಲ್ಲಿ ಕಲಿತದ್ದು ಎಲ್ಲ ಕಲ್ಯಾಣದಲ್ಲಿ. ತನ್ನ ಮದುವೆಗೆಂದು ಹೋಗಿ ನಾಲ್ಕು ದಿನಕ್ಕೇ ವಾಪಸ್ಸು ಬಂದದ್ದು ಬಿಟ್ಟರೆ ಅವಳು ಊರು ಕಂಡವಳಲ್ಲ. ಕೋಲ ಕಂಡವಳಲ್ಲ. ದೈವ ಮನುಷ್ಯನ ಮೈಮೇಲೆ ಬಂದು ಮನೆಯವರ ಕಷ್ಟಸುಖ ವಿಚಾರಿಸಿ ನುಡಿ ಕೊಡುವ ಆ ಸೇವೆಯ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅಜ್ಜಿಯ ಬಾಯಲ್ಲಿ ಕೇಳಿದಷ್ಟು. ನಮ್ಮ ಮನೆಯ ಮಾತು ತುಳು. ಅಮ್ಮನ ತುಳುವಿನಲ್ಲಿ ಮರಾಠಿ ಬೆರೆತಿತ್ತು, ಬಂದವರ ಮುಂದೆ ಅಜ್ಜಿ ಅದನ್ನು ಅಣಕಿಸಿ ತೋರಿಸುತ್ತಿದ್ದಳು. ಇಲ್ಲಿ ದೊಡ್ಡವರ ಮಾತನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಶನಿವಾರ ಸಂಜೆ ಅಜ್ಜಿ ಡೊಂಬಿವಲಿಗೆ ಭಜನೆಗೆ ಹೋಗುತ್ತಿದ್ದಳು. ಅಪ್ಪ ಮಹಾಪೆಯ ಹೋಟೆಲಿನ ಗಲ್ಲಾದಲ್ಲಿರುತ್ತಿದ್ದ. ಆಗ ಅಮ್ಮ ಗ್ಯಾಸ್ ಆರಿಸಿ, ಕೈ ಒರೆಸಿಕೊಂಡು ಕೋಣೆಗೆ ಬಂದು, ಬೇಕೆಂದೇ ಅಜ್ಜಿಯ ಮಂಚದ ಮೇಲೆ ಕೂರುತ್ತಿದ್ದಳು. ಟಿವಿಯಲ್ಲಿ ಭಸ್ಮಕ ಬರುತ್ತಿದ್ದ. ಈಗ ಆ ಧಾರಾವಾಹಿಯ ಹೆಸರು ಹೇಳಿದರೆ ನನ್ನ ವಯಸ್ಸಿನವರೂ ತಲೆ ಕೆರೆದುಕೊಳ್ಳುತ್ತಾರೆ. ಮೊದಲು ಅದು ಹಿಂದಿಯ ಕಾಮಿಕ್ ಪುಸ್ತಕವಾಗಿತ್ತು. ಅಮ್ಮ ಹುಡುಗಿಯಾಗಿದ್ದಾಗ ಸ್ಟೇಷನ್ ಹತ್ತಿರದ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಪಾಠದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದಳಂತೆ. ಮಿಲ್ಲಿಗೆ ಬೆಂಕಿ ಬಿದ್ದು ಸತ್ತ ಕೆಲಸಗಾರನೊಬ್ಬನ ಪ್ರೇತ ಒಬ್ಬ ಪುಕ್ಕಲ ಗುಮಾಸ್ತನ ಮೈಯಲ್ಲಿ ಸೇರಿಕೊಂಡು ಅನ್ಯಾಯ ಮಾಡಿದವರನ್ನು ಸುಡುವ ಕತೆ ಅದು. ಗುಮಾಸ್ತ ಎಡಗೈಯಲ್ಲಿ ಬೂದಿ ತೆಗೆದು ಹಣೆಗೆ ಒತ್ತಿಕೊಂಡರೆ ಸಾಕು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ಕುತ್ತಿಗೆ ನಿಧಾನ ಸುತ್ತಿ, ಗಂಟಲಿನಿಂದ ಎರಡು ದನಿ ಒಟ್ಟಿಗೆ ಹೊರಡುತ್ತಿದ್ದವು. ಧಾರಾವಾಹಿ ಅಗ್ಗದ್ದು. ಹೊಗೆ ಯಾವ ಮೂಲೆಯಿಂದ ಬಿಡುತ್ತಾರೆ ಎನ್ನುವುದು ಕಾಣುತ್ತಿತ್ತು, ವಾರವಾರವೂ ಅದೇ ಗೋಡೌನಿನಲ್ಲಿ ಹೊಡೆದಾಟ. ಅಮ್ಮನಿಗೆ ಅದಾವುದೂ ಲೆಕ್ಕಕ್ಕಿರಲಿಲ್ಲ. ಗುಮಾಸ್ತನ ಕುತ್ತಿಗೆ ತಿರುಗಲು ಶುರುವಾದ ಕೂಡಲೇ ಅವಳು ನಗುತ್ತಿದ್ದಳು, ವಾರದಲ್ಲಿ ಅವಳು ಬಾಯಿ ತುಂಬ ನಗುತ್ತಿದ್ದದ್ದು ಆಗ ಮಾತ್ರ. ನಡುವೆ ಲೋಡ್ ಶೆಡ್ಡಿಂಗ್ ಆಗಿ ಟಿವಿ ಆರಿಹೋದರೆ ಉಳಿದ ಕತೆಯನ್ನು ತಾನೇ ಹೇಳಿ ಮುಗಿಸುತ್ತಿದ್ದಳು. ಗುಮಾಸ್ತನ ಗುಟ್ಟು ಗೊತ್ತಿದ್ದವರು ಬಾಯಿ ಬಿಟ್ಟರೆ ಭಸ್ಮಕ ಮತ್ತೆಂದೂ ಬರುವುದಿಲ್ಲ ಎನ್ನುವ ನಿಯಮ ಕತೆಯಲ್ಲಿತ್ತು. ಶಾಲೆಯ ಪಾಠ ಮರೆತರೂ ಅದನ್ನು ನಾನು ಮರೆತಿರಲಿಲ್ಲ.

ಸಾನಪಾಡಾದಲ್ಲಿ ಅತ್ತೆ ಇದ್ದಳು, ಅಪ್ಪನ ಅಕ್ಕ. ಅಪ್ಪ ಗಲ್ಲಾದಲ್ಲಿ ಕೂರುತ್ತಿದ್ದ ಮಹಾಪೆಯ ಹೋಟೆಲು ಅತ್ತೆಯ ಗಂಡನದು, ನನ್ನ ಮಾವನದು. ಅವರ ಮನೆಯಲ್ಲಿ ಕೋಣೆಗಳಿದ್ದವು, ಕೋಣೆಗೊಂದು ಫ್ಯಾನಿತ್ತು, ಮಕ್ಕಳಿರಲಿಲ್ಲ. ಔಷಧಿ, ಹರಕೆ ಎಲ್ಲ ಮುಗಿದಿದ್ದವು. ಒಂದು ಮಧ್ಯಾಹ್ನ ಊಟದ ನಡುವೆ ಅಜ್ಜಿ, ಹೆಣ್ಣನ್ನು ಸಾನಪಾಡಾಕ್ಕೆ ಕೊಟ್ಟುಬಿಡುವ ಎಂದಳು. ಹೆಣ್ಣು ಎಂದರೆ ನಾನು. ಕೊಟ್ಟುಬಿಡುವ ಎಂಬ ಮಾತನ್ನು ಅವಳು ಸಾಧಾರಣವಾಗಿ ಉಳಿದ ಪದಾರ್ಥದ ವಿಷಯದಲ್ಲಿ ಆಡುತ್ತಿದ್ದಳು. ತಮ್ಮ ಗಂಡು, ಅವನು ಇಲ್ಲಿರಬೇಕು. ನಾನು ಹೇಗೂ ಹೋಗುವವಳು, ಸ್ವಲ್ಪ ಬೇಗ ಹೋದರೆ ಏನಾಯಿತು ಎನ್ನುವುದು ಅವಳ ವಾದ. ಅಮ್ಮ ಅಂದು ಅಪ್ಪನ ತಟ್ಟೆಗೆ ಅನ್ನ ಬಡಿಸುತ್ತಾ ನಿಂತೇ ಇದ್ದಳು. ಆಮೇಲೆ ಅಪ್ಪನನ್ನು ಅಡುಗೆಮನೆಗೆ ಕರೆದು ಬೇಡಿದಳು, ಕಾಲು ಹಿಡಿದಳು, ನಾನು ನೋಡಿದ್ದೇನೆ. ದೊಡ್ಡವರು ಯೋಚನೆ ಮಾಡದೆ ಹೇಳುವುದಿಲ್ಲ ಎಂದು ಅಪ್ಪ ಕಾಲು ಬಿಡಿಸಿಕೊಂಡ. ಭಾವನ ಹೋಟೆಲಿನಲ್ಲಿ ಕೂರುವ ಗಂಡಸು ಅದಕ್ಕಿಂತ ಬೇರೇನು ಹೇಳಿಯಾನು ಎಂದು ಈಗ ಕೆಲವರು ಅವನ ಪರ ಮಾತಾಡುತ್ತಾರೆ. ನಾನು ಮಾತಾಡುವುದಿಲ್ಲ.

ಕರೆದೊಯ್ಯಲು ಅತ್ತೆ ಮಾವ ಭಾನುವಾರ ಬಂದರು. ನನ್ನ ಬಟ್ಟೆಯನ್ನು ಅಜ್ಜಿಯೇ ಚೀಲಕ್ಕೆ ತುಂಬಿಟ್ಟಿದ್ದಳು. ನೆಂಟರು ಬರುತ್ತಾರೆಂದು ಅಮ್ಮ ಮನೆಯಲ್ಲಿ ಉಡದ ಒಳ್ಳೆಯ ಸೀರೆ ಉಟ್ಟಿದ್ದಳು. ಎಲ್ಲರಿಗೂ ಬಡಿಸಿದಳು, ಎಲೆ ತೆಗೆದಳು, ನೆಲ ಒರೆಸಿದಳು. ಅತ್ತೆ ಎದ್ದು ನನ್ನ ಕೈ ಹಿಡಿದಾಗ ಅಮ್ಮ ದೈವದ ಹಲಗೆಯ ಮುಂದೆ ನಿಂತಿದ್ದಳು. ಊದುಬತ್ತಿಯ ಕೆಳಗೆ ಬಿದ್ದ ಬೂದಿಯನ್ನು ಎಡಗೈಯಲ್ಲಿ ಬಳಿದು ಹಣೆಗೆ ಒತ್ತಿಕೊಂಡಳು. ಕಣ್ಣು ಮೇಲಕ್ಕೆ ಹೋಯಿತು. ಕುತ್ತಿಗೆ ನಿಧಾನ ಸುತ್ತತೊಡಗಿತು. ಪಾತ್ರೆಯ ಸ್ಟ್ಯಾಂಡು ಅಲುಗಿ ಲೋಟಗಳು ಬಿದ್ದವು. ಆಮೇಲೆ ಅವಳ ಗಂಟಲಿನಿಂದ ನಾವು ಕೇಳಿರದ ದನಿ ಬಂತು.

"ಈ ಮಗು ಈ ಹೊಸ್ತಿಲು ದಾಟಬಾರದು. ದಾಟಿಸಿದವರ ಕೈ ಬೂದಿಯಾದೀತು."

ಹೋದ ವಾರವಷ್ಟೇ ಭಸ್ಮಕ ಯಾರೋ ಒಬ್ಬ ಹುಡುಗಿಯನ್ನು ಕದಿಯಲು ಬಂದವರಿಗೆ ಹಿಂದಿಯಲ್ಲಿ ಹೇಳಿದ ಮಾತು ಅದು. ನನಗೆ ಸಂದೇಹವೇ ಬರಲಿಲ್ಲ. ಭಸ್ಮಕ ಬಂದಿದ್ದಾನೆ, ನಮ್ಮ ಮನೆಗೆ, ನನಗೋಸ್ಕರ ಬಂದಿದ್ದಾನೆ. ಎಷ್ಟು ಸಂತೋಷವಾಯಿತೆಂದರೆ ಬಾಯಿ ಎರಡೂ ಕೈಯಲ್ಲಿ ಮುಚ್ಚಿಕೊಂಡೆ, ಗುಟ್ಟು ಹೊರಬಿದ್ದೀತೆಂದು. ಅತ್ತೆ ನನ್ನ ಕೈ ಬಿಟ್ಟು ಗೋಡೆಗೆ ಅಂಟಿದಳು. ಮಾವ ಚಪ್ಪಲಿ ಹುಡುಕುತ್ತಿದ್ದ. ಅಪ್ಪ ನೆಲಕ್ಕೆ ಅಡ್ಡಬಿದ್ದ, ಅರ್ಧ ದೇಹ ಕೋಣೆಯಲ್ಲಿ, ಅರ್ಧ ಅಡುಗೆಮನೆಯಲ್ಲಿ. ಅಜ್ಜಿ ಒಬ್ಬಳೇ ಅವಸರವಿಲ್ಲದೆ ತಾಮ್ರದ ತಂಬಿಗೆ ತೆಗೆದು ಅಮ್ಮನ ಮೇಲೆ ನೀರು ಚಿಮುಕಿಸಿ, ಮಗು ಇಲ್ಲೇ ಇರಲಿ ಸ್ವಾಮಿ, ಮುಂದಿನ ಅಪ್ಪಣೆ ಏನು ಎಂದು ಕೇಳಿದಳು. ಅಮ್ಮನ ಹತ್ತಿರ ಮುಂದಿನ ಅಪ್ಪಣೆ ಇರಲಿಲ್ಲ. ಅವಳು ಕುಸಿದು ಕುಳಿತಳು. ಅತ್ತೆ ಮಾವ ಖಾಲಿ ಕೈಯಲ್ಲಿ ಹೋದರು, ನನ್ನ ಬಟ್ಟೆ ಚೀಲದಿಂದ ಕಪಾಟಿಗೆ ವಾಪಸ್ಸಾಯಿತು.

ಅಮ್ಮ ಗೆದ್ದಳು ಎಂದು ನಾನು ತಿಳಿದೆ. ಅಮ್ಮನೂ ಒಂದು ಸಂಜೆಯ ಮಟ್ಟಿಗೆ ಹಾಗೆಯೇ ತಿಳಿದಿರಬೇಕು. ಮರುದಿನ ಬೆಳಗಾಗುವ ಮೊದಲೇ ಅಜ್ಜಿ ಅವಳನ್ನು ಎಬ್ಬಿಸಿ ತಣ್ಣೀರು ಸುರಿದುಕೊಳ್ಳಲು ಹೇಳಿದಳು. ಮೈಮೇಲೆ ದೈವ ಬರುವವರಿಗೆ ಶುದ್ಧ ಬೇಕು, ಊರಿನಲ್ಲಿ ಪಾತ್ರಿಗಳೆಲ್ಲ ಹಾಗೆಯೇ ಇರುವುದು ಎಂದಳು. ದಿನಕ್ಕೆ ಒಂದು ಹೊತ್ತು ಊಟ, ಅದೂ ಗಂಜಿ. ಮೀನಿಲ್ಲ, ಈರುಳ್ಳಿಯಿಲ್ಲ. ಚಾಪೆಯಿಲ್ಲ, ಬರೀ ನೆಲ. ಗಂಡನ ಹತ್ತಿರ ಸುಳಿಯುವಂತಿಲ್ಲ, ತಮ್ಮ ಬಂದು ತೊಡೆಯ ಮೇಲೆ ಕೂತರೆ ಮೈಲಿಗೆಯೆಂದು ಮತ್ತೆ ಸ್ನಾನ. ಅಡುಗೆ ಮಾತ್ರ ಅವಳೇ ಮಾಡಬೇಕು, ದೈವ ಬಂದ ಕೈಯ ಅಡುಗೆ ಮನೆಗೆ ಒಳ್ಳೆಯದಂತೆ. ಅಮ್ಮನಿಗೆ ಮೀನೆಂದರೆ ಪ್ರಾಣ. ಅಜ್ಜಿ ಆ ತಿಂಗಳುಗಳಲ್ಲಿ ಮೀನು ತರಿಸಿದಷ್ಟು ಯಾವತ್ತೂ ತರಿಸಿಲ್ಲ. ಅಮ್ಮ ಕಾವಲಿಯ ಮುಂದೆ ನಿಂತು ನಮಗೆಲ್ಲ ಹುರಿದು ಕೊಟ್ಟು, ಕೈ ಮೂಸಿಕೊಳ್ಳದ ಹಾಗೆ ಬೂದಿ ಹಾಕಿ ತಿಕ್ಕಿ ತೊಳೆದು ಗಂಜಿಗೆ ಕೂರುತ್ತಿದ್ದಳು. ಬೇಡ ಅನ್ನುವ ಹಾಗಿರಲಿಲ್ಲ. ಬೇಡ ಅಂದರೆ ದೈವ ಬಂದದ್ದು ಸುಳ್ಳಾಗುತ್ತಿತ್ತು, ಅದು ಸುಳ್ಳಾದರೆ ನಾನು ಸಾನಪಾಡಾಕ್ಕೆ ಹೋಗಬೇಕಿತ್ತು.

ಸಂಕ್ರಮಣಕ್ಕೆ ದೈವ ಬರಲೇಬೇಕು ಎಂದೂ ಅಜ್ಜಿ ವಿಧಿಸಿದಳು. ತಿಂಗಳಿಗೊಮ್ಮೆ ಹಲಗೆಯ ಮುಂದೆ ಎಳನೀರು, ವೀಳ್ಯ ಇಟ್ಟು ಎಲ್ಲರೂ ಕಾಯುವುದು, ಅಮ್ಮ ಬೂದಿ ಒತ್ತಿಕೊಳ್ಳುವುದು. ಅಪ್ಪ ಹೋಟೆಲಿಗೆ ರಜೆ ಹಾಕಿ, ಮಡಿ ಪಂಚೆ ಉಟ್ಟು, ಹೆಂಡತಿಯ ಮುಂದೆ ಕೈಮುಗಿದು ನಿಲ್ಲುತ್ತಿದ್ದ. ಅವನು ನಂಬಿದ್ದ. ಅವಳನ್ನು ಆ ದಿನ ನೀವು ಎನ್ನುತ್ತಿದ್ದ. ಪ್ರತಿ ಸಲವೂ ಹೊಸ ನುಡಿ ಬೇಕಾಗುತ್ತಿದ್ದುದರಿಂದ ಶನಿವಾರದ ಅಮ್ಮ ಬದಲಾದಳು. ಮಂಚದ ಮೇಲೆ ಕೂರುವುದು ಬಿಟ್ಟು ಟಿವಿಯ ಹತ್ತಿರ ನೆಲದಲ್ಲಿ ಕೂತು, ತುಟಿ ಅಲ್ಲಾಡಿಸುತ್ತಾ ಭಸ್ಮಕನ ಮಾತು ಬಾಯಿಪಾಠ ಮಾಡುತ್ತಿದ್ದಳು. ನಗುತ್ತಿರಲಿಲ್ಲ. ಕಾಮಿಕ್ಕಿನಲ್ಲಿ ಹೀಗಿರಲಿಲ್ಲ, ಹಾಗಿತ್ತು ಎಂದು ನನಗೆ ವಿವರಿಸುತ್ತಲೂ ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿ, ಕೊರಳಿನ ಮೂಳೆ ಎದ್ದು, ಅವಳು ದಿನದಿಂದ ದಿನಕ್ಕೆ ಟಿವಿಯ ಆ ಗುಮಾಸ್ತನಿಗಿಂತ ಚೆನ್ನಾಗಿ ಪ್ರೇತದ ಹಾಗೆ ಕಾಣತೊಡಗಿದ್ದಳು.

ಆಮೇಲೆ ಒಂದು ಶನಿವಾರ ಭಸ್ಮಕನ ಹೊತ್ತಿಗೆ ಟಿವಿಯಲ್ಲಿ ಯಾರೋ ನಗೆಹನಿ ಹೇಳುತ್ತಿದ್ದರು. ಅಮ್ಮ ಚಾನೆಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ಮತ್ತೆ ಅಲ್ಲಿಗೇ ಬಂದಳು. ಮುಂದಿನ ವಾರವೂ ಅದೇ ನಗೆಹನಿ. ಪಕ್ಕದ ಮನೆಯ ಮರಾಠಿ ಹೆಂಗಸನ್ನು ವಿಚಾರಿಸಿದಳು, ನೋಡುವವರಿಲ್ಲವೆಂದು ನಿಲ್ಲಿಸಿದರಂತೆ ಎಂದು ಆಕೆ ಹೇಳಿದಳು. ಕತೆ ಅರ್ಧದಲ್ಲೇ ಉಳಿದಿತ್ತು, ಗುಮಾಸ್ತ ಬೀಗ ಹಾಕಿದ ಗೋಡೌನಿನೊಳಗೇ ಇದ್ದ. ದೇಶದಲ್ಲಿ ಬೇರೆ ಯಾವ ಮನೆಯಲ್ಲೂ ಅದರಿಂದ ಏನೂ ಆಗಿರಲಾರದು. ಅಮ್ಮ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತಳು. ಅವಳು ಹೆದರಿದ್ದು ನನಗೆ ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ.

ಆ ಸಂಕ್ರಮಣಕ್ಕೆ ಅಜ್ಜಿ ಸಾನಪಾಡಾದವರನ್ನೂ ಕರೆಸಿದ್ದಳು. ಅಮ್ಮ ಹಳೆಯ ನುಡಿಗಳನ್ನೇ ತಿರುಗಿಸಿ ಮುರುಗಿಸಿ ಹೇಳಿದಳು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಕೈಮುಗಿದು, ಮನೆಯ ಹಿರಿಯಳಾಗಿ ಒಂದೇ ಒಂದು ಮಾತು ಕೇಳುತ್ತೇನೆ ಎಂದಳು. ಕೋಲದಲ್ಲಿ ಯಾವ ದೈವವೂ ತಾನು ಎಲ್ಲಿ ಹುಟ್ಟಿ, ಯಾವ ಯಾವ ಊರು ದಾಟಿ, ಈ ಮನೆಗೆ ಹೇಗೆ ಬಂದು ನೆಲೆನಿಂತಿತು ಎನ್ನುವುದನ್ನು ಹೇಳುತ್ತದೆ. ಊರಿನಲ್ಲಿ ಬೆಳೆದ ಮಗುವಿಗೂ ತಮ್ಮ ಮನೆಯ ದೈವದ ಆ ದಾರಿ ಬಾಯಿಗೆ ಬರುತ್ತದೆ. ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಜ್ಜಿಯಂತೂ ಹೇಳಿಕೊಟ್ಟಿರಲೇ ಇಲ್ಲ.

"ನೀವು ನಮ್ಮ ಮನೆಗೆ ಬಂದ ದಾರಿ ಹೇಳಬೇಕು ಸ್ವಾಮಿ."

ಅಮ್ಮನ ಕುತ್ತಿಗೆ ನಿಂತಿತು. ಅವಳು ಅಜ್ಜಿಯನ್ನಲ್ಲ, ನನ್ನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಹೇಳಿದಳು.

"ಬೆಂಕಿ ಬಿದ್ದ ಮಿಲ್ಲಿನಲ್ಲಿ ಹುಟ್ಟಿದೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. ಹೊಗೆಯಾಗಿ ಕಿಟಕಿಯಲ್ಲಿ ಹೊರಟೆ. ಹಳಿ ಹಿಡಿದು ನಡೆದೆ. ಠಾಣೆ ದಾಟಿದೆ, ಖಾಡಿಯ ನೀರು ದಾಟಿದೆ, ದಿವಾ ದಾಟಿದೆ. ಯಾರೂ ಕೂತುಕೋ ಅನ್ನಲಿಲ್ಲ. ಈ ಮನೆಯಲ್ಲಿ ಒಂದು ಹೆಣ್ಣು ಅಳುತ್ತಿತ್ತು. ನಿಂತೆ."

ಇದು ಯಾವ ಕಂತಿನಲ್ಲೂ ಇರಲಿಲ್ಲ. ಆಮೇಲೆ ಎಷ್ಟೋ ಕೋಲ ನೋಡಿದ್ದೇನೆ, ದೊಡ್ಡ ದೊಡ್ಡ ದೈವಗಳ ದಾರಿ ಕೇಳಿದ್ದೇನೆ, ಅದಕ್ಕಿಂತ ನಿಜವಾದದ್ದನ್ನು ಕೇಳಿಲ್ಲ. ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟರಲ್ಲಿ ಮಾವ ಮೂಗಿನಿಂದ ಶಬ್ದ ಮಾಡಿದ. ನಗು ತಡೆದುಕೊಳ್ಳಲು ನೋಡಿದ, ಆಗಲಿಲ್ಲ.

"ಇದು ಟಿವಿಯ ಭಸ್ಮಕ್ ಅಲ್ವಾ ಮಾರಾಯ್ರೇ. ನಮ್ಮ ಹೋಟೆಲಿನವರು ಶನಿವಾರ ಗಿರಾಕಿ ಬಿಟ್ಟು ಇದನ್ನೇ ನೋಡ್ತಾ ನಿಲ್ತಿದ್ರು."

ಮಾವ ನಕ್ಕ, ಅತ್ತೆ ಮೊದಲು ಅವನನ್ನು ಗದರಿ ಆಮೇಲೆ ತಾನೂ ನಕ್ಕಳು. ಅಪ್ಪ ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಪಂಚೆಗೆ ಒರೆಸಿಕೊಂಡ. ಅಜ್ಜಿ ಮಾತ್ರ ನಗಲಿಲ್ಲ. ಎಳನೀರನ್ನು ಹಲಗೆಯಿಂದ ಎತ್ತಿ, ತಾನೇ ಒಂದು ಗುಟುಕು ಕುಡಿದು, ಮಗನಿಗೆ ಹೇಳಿದಳು.

"ನನಗೆ ಮೊದಲ ದಿನವೇ ಗೊತ್ತುಂಟು. ಮೈಮೇಲೆ ಬಂದವರು ಯಾರಾದರೂ ಜಾರಿದ ಸೆರಗು ಸರಿ ಮಾಡಿಕೊಳ್ತಾರಾ? ಎಷ್ಟು ದಿನ ಉಪವಾಸ ಬೀಳ್ತಾಳೆ ನೋಡುವ ಅಂತ ಸುಮ್ಮನಿದ್ದೆ."

ಆ ತಿಂಗಳುಗಳ ತಣ್ಣೀರು, ಗಂಜಿ, ಬರೀ ನೆಲ ಎಲ್ಲ ಅಜ್ಜಿಗೆ ಒಂದು ಆಟವಾಗಿತ್ತು. ಶನಿವಾರ ನಾವು ಟಿವಿ ನೋಡುತ್ತಿದ್ದಂತೆ ಅವಳು ವಾರವಿಡೀ ಅಮ್ಮನನ್ನು ನೋಡಿದ್ದಳು. ನನಗೆ ಮಾತ್ರ ಆಗ ಅದೊಂದೂ ಅರ್ಥವಾಗಲಿಲ್ಲ. ಮಾವ ಭಸ್ಮಕನ ಹೆಸರು ಬಾಯಿಬಿಟ್ಟು ಹೇಳಿದ, ಇನ್ನು ಅವನು ಬರುವುದಿಲ್ಲ ಎಂದಷ್ಟೇ ಅರ್ಥವಾಗಿತ್ತು. ಅಪ್ಪ ಎದ್ದು ಕಪಾಟು ತೆಗೆದು ನನ್ನ ಬಟ್ಟೆಯನ್ನು ಬಾಚಿ ಬಾಚಿ ಚೀಲಕ್ಕೆ ಹಾಕತೊಡಗಿದ. ಹಿಂದೆ ಅಜ್ಜಿ ಮಡಚಿ ತುಂಬಿದ್ದಳು, ಅವನು ಮಡಚಲಿಲ್ಲ. ಹೆಂಡತಿಗೆ ಕೈಮುಗಿದದ್ದನ್ನು ಅವನು ಸಾಯುವವರೆಗೂ ಕ್ಷಮಿಸಲಿಲ್ಲ. ಇವತ್ತೇ ಕರೆದುಕೊಂಡು ಹೋಗಿ ಎಂದು ಅಕ್ಕನಿಗೆ ಹೇಳಿದ.

ಅಮ್ಮ ಹಣೆಯ ಬೂದಿಯನ್ನು ಸೆರಗಿನಲ್ಲಿ ಒರೆಸಿಕೊಂಡು ನನ್ನ ತಲೆ ಬಾಚಲು ಅಡುಗೆಮನೆಗೆ ಕರೆದೊಯ್ದಳು. ಅವಳು ಅಳಲಿಲ್ಲ. ನಾನು ಹಿಂದಿಯಲ್ಲಿ, ಮಮ್ಮೀ, ಉಸ್ಕೋ ಫಿರ್ ಸೇ ಬುಲಾವೋ ನಾ, ಎಂದೆ, ಅವನನ್ನು ಮತ್ತೆ ಕರೆ ಎಂದು. ಅವಳು ಜಡೆ ಬಿಗಿದು ಕಟ್ಟಿ, ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅವನು ಬರುವುದಿಲ್ಲ. ನನ್ನ ಮಾತು ಕೇಳು. ಅವರನ್ನು ಇವತ್ತಿನಿಂದಲೇ ಅಮ್ಮ ಅನ್ನು. ತಡ ಮಾಡಬೇಡ. ನನ್ನನ್ನು ಅತ್ತೆ ಅನ್ನು. ನೀನು ಸರಿಯಾಗಿ ಅಂದರೆ ನನ್ನನ್ನು ಅಲ್ಲಿಗೆ ಬರಲಿಕ್ಕೆ ಬಿಡ್ತಾರೆ."

ಲೆಕ್ಕ ಸರಿಯಾಗಿಯೇ ಇತ್ತು. ಸಾನಪಾಡಾದವಳು ನನ್ನ ತಾಯಿಯಾದರೆ, ಅವಳ ತಮ್ಮನ ಹೆಂಡತಿ ನನಗೆ ಅತ್ತೆಯೇ. ಸಾನಪಾಡಾದಲ್ಲಿ ನನ್ನನ್ನು ಯಾರೂ ಹೊಡೆಯಲಿಲ್ಲ. ಅತ್ತೆ ಎಂದು ಕರೆದರೆ ಅವಳಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಊಟದ ಮೇಜಿನ ಮುಂದೆ ಕೂತು ಅತ್ತೆ, ಅತ್ತೆ ಎನ್ನುತ್ತ ಇರಬಹುದಿತ್ತು, ಅವಳು ಎದುರಿಗೇ ಕೂತು ಟಿವಿ ನೋಡುತ್ತಿದ್ದಳು. ಅಮ್ಮ ಎಂದ ಕೂಡಲೇ ಎದ್ದು ಬಿಸಿ ಬಿಸಿ ಬಡಿಸುತ್ತಿದ್ದಳು, ನಡುವಿನ ತುಂಡೇ ಬಡಿಸುತ್ತಿದ್ದಳು. ನಾನು ಬೇಗ ಕಲಿತೆ. ಚೌತಿಗೆ ಅಜ್ಜಿಯ ಜೊತೆ ಅಮ್ಮ ಬಂದಳು. ಬಾಗಿಲಲ್ಲೇ ಮಾವ, ಭಸ್ಮಕ್ ಬಂದಳು ನೋಡಿ, ಬೂದಿ ಅಡಗಿಸಿಡಿ ಎಂದ, ಬಂದವರೆಲ್ಲ ನಕ್ಕರು. ಆ ಹೆಸರು ಅವಳಿಗೆ ನಮ್ಮ ಬಳಗದಲ್ಲಿ ಇವತ್ತಿಗೂ ಉಳಿದಿದೆ. ಊಟಕ್ಕೆ ಎಲೆ ಹಾಕಿದಾಗ ಅಜ್ಜಿ ಎಲ್ಲರ ಮುಂದೆ, ಹೋಗು ಹೆಣ್ಣೇ, ಅವಳನ್ನು ಕರೆ ಎಂದಳು. ನಾನು ಹೋಗಿ, ಅತ್ತೆ, ಊಟಕ್ಕೆ ಬನ್ನಿ ಎಂದೆ. ಅಮ್ಮ ನನ್ನನ್ನು ನೋಡಲಿಲ್ಲ. ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಅಜ್ಜಿಯ ಮುಖ ನೋಡಿದಳು, ಸರಿಯಾಗಿದೆ ಎಂದು ಗೊತ್ತಾದ ಮೇಲೆ ಬಂದು ಕೂತಳು. ಅವಳಿಗೆ ವರ್ಷಕ್ಕೊಮ್ಮೆ ಬರಲು ಬಿಟ್ಟರು.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ, ಸಾನಪಾಡಾದವರಿಬ್ಬರೂ ಇಲ್ಲ. ಠಾಕುರ್ಲಿಯಲ್ಲಿ ತಮ್ಮನ ಜೊತೆ ಅಮ್ಮ ಇದ್ದಾಳೆ. ಈ ಅಧ್ಯಾಯದಲ್ಲಿ ಅಮ್ಮ ಅಮ್ಮ ಎಂದು ಬರೆಯಲು ನನಗೆ ಕಷ್ಟವೇನೂ ಆಗಲಿಲ್ಲ, ಕೈಗೆ ಅದು ಬರುತ್ತದೆ. ಹೋದ ದೀಪಾವಳಿಗೆ ಅಲ್ಲಿಗೆ ಹೋಗುವಾಗ ಠಾಣೆಯಿಂದ ರೈಲಿನ ಬಾಗಿಲಲ್ಲಿ ನಿಂತು ಅದೊಂದು ಪದವನ್ನು ಬಾಯಲ್ಲಿ ಹೇಳುತ್ತಾ ಹೋದೆ. ಪಕ್ಕದ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದೇನೆಂದುಕೊಂಡಿರಬೇಕು. ಮೆಟ್ಟಿಲು ಹತ್ತುವಾಗಲೂ ಹೇಳಿದೆ. ಬೆಲ್ ಒತ್ತಿದೆ. ಅವಳೇ ಬಾಗಿಲು ತೆಗೆದಳು, ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಬಾಯಿಂದ ಅತ್ತೆ ಎಂದೇ ಬಂತು.

"ಬಾರಮ್ಮಾ, ಕೂತ್ಕೋ," ಎಂದಳು. ಒಳಗೆ ಹೋಗಿ, ನೆಂಟರಿಗೆ ಕೊಡುವ ಹಾಗೆ, ಲೋಟವನ್ನು ತಟ್ಟೆಯಲ್ಲಿಟ್ಟು ನೀರು ತಂದಳು.